ರಾತ್ರಿಯ ಸಲಾಡಿಗೆ ಉಪ್ಪು ಬೀಳುವ ಹೊತ್ತು

ರಾತ್ರಿ ಅನ್ನ ಬಿಟ್ಟು ಸಲಾಡ್ ತಿನ್ನತೊಡಗಿದವರು ಮಂಗಳೂರಿನ ನನ್ನ ಆಹಾರ ಸಲಹಾ ಕೊಠಡಿಯಲ್ಲಿ ಹೇಳಿಕೊಳ್ಳುವ ದೂರುಗಳು ಮುಖ್ಯವಾಗಿ ಎರಡು: ತಟ್ಟೆಯ ತಳದಲ್ಲಿ ನೀರು ನಿಲ್ಲುತ್ತದೆ, ಹತ್ತು ಗಂಟೆಗೆ ಮತ್ತೆ ಹಸಿವಾಗುತ್ತದೆ. ಅಂಥವರಿಗೆ ನಾನು ಥಾಯ್ಲೆಂಡಿನ ಸೋಮ್ ತಮ್ ಮಾದರಿಯ ಖಾರದ ಸಲಾಡನ್ನು ಸೂಚಿಸುತ್ತೇನೆ. ಕಾಯಿ ಪಪ್ಪಾಯಿಯ ಎಳೆಗಳನ್ನು ಮೆಣಸು, ಬೆಳ್ಳುಳ್ಳಿ, ತಾಳೆಬೆಲ್ಲ, ಲಿಂಬೆರಸ ಮತ್ತು ಮೀನಿನ ಸಾಸಿನೊಂದಿಗೆ ಕುಟ್ಟಿ ಮಾಡುವ ತಿನಿಸು ಅದು.

ಇದಕ್ಕಾಗಿ ದೊಡ್ಡ ಅಂಗಡಿಗೆ ಹೋಗಬೇಕಾಗಿಲ್ಲ. ಸೂಜಿಮೆಣಸು, ಓಲೆಬೆಲ್ಲ (ನಮ್ಮ ಕಡೆಯ ತಾಳೆಬೆಲ್ಲ), ಅಲಸಂಡೆ, ನೆಲಗಡಲೆ ಎಲ್ಲವೂ ನಮ್ಮ ಸಂತೆಯಲ್ಲೇ ಇವೆ. (ಅಂದ ಹಾಗೆ, ಪಪ್ಪಾಯಿ, ಮೆಣಸು, ನೆಲಗಡಲೆ ಮೂರೂ ಅಮೆರಿಕ ಖಂಡದಿಂದ ಬಂದವು, ಹಾಗಾಗಿ ಅಸಲಿ ರುಚಿಯ ಕುರಿತು ಹೆಚ್ಚು ಜಗಳವಾಡುವಂತಿಲ್ಲ.) ಸಸ್ಯಾಹಾರಿಗಳು ಮೀನಿನ ಸಾಸಿನ ಬದಲು ಸೋಯಾ ಸಾಸ್ ಬಳಸಬಹುದು. ಆದರೆ ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 2 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳುವುದೇ 5 ಗ್ರಾಂಗಿಂತ ಕಡಿಮೆ. ಆದ್ದರಿಂದ ಇಬ್ಬರ ಸಲಾಡಿಗೆ ಎರಡು ಸಣ್ಣ ಚಮಚ ಸಾಸ್ ಸಾಕು, ಬೇರೆ ಉಪ್ಪು ಬೇಡ; ರಕ್ತದೊತ್ತಡ ಇರುವವರು ಅದನ್ನೂ ಅರ್ಧ ಮಾಡಿ ಲಿಂಬೆಯನ್ನು ಹೆಚ್ಚಿಸಿಕೊಳ್ಳಲಿ.

ಎರಡು ಕಪ್ ಪಪ್ಪಾಯಿ ಎಳೆಗಳನ್ನು ಹತ್ತು ನಿಮಿಷ ತಣ್ಣೀರಿನಲ್ಲಿಟ್ಟರೆ ಹಾಲಿನ ಅಂಟು ಹೋಗಿ ಗರಿಗರಿಯಾಗುತ್ತವೆ. ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಹಿಂಡಬೇಕು. ಇದರೊಂದಿಗೆ ಒಂದು ಕ್ಯಾರೆಟ್ ಮತ್ತು ತಿರುಳು ತೆಗೆದ ಒಂದು ಮುಳ್ಳುಸೌತೆ ಇರಲಿ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಇಲ್ಲಿ ಸಲ್ಲದು. ಗರ್ಭಿಣಿಯರಿಗೆ ಕಾಯಿ ಪಪ್ಪಾಯಿಯನ್ನು ನಾನು ಹೇಳುವುದಿಲ್ಲ. ಅವರು ನವಿಲುಕೋಸನ್ನು ಬಳಸಬಹುದು. ಕುಟ್ಟಾಣಿಯಲ್ಲಿ ಎರಡು ಸೂಜಿಮೆಣಸು, ಎರಡು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಚಮಚ ಓಲೆಬೆಲ್ಲ ಜಜ್ಜಿ, ಎರಡು ದೊಡ್ಡ ಚಮಚ ಲಿಂಬೆರಸ ಹಾಗೂ ಸಾಸ್ ಸೇರಿಸಿದರೆ ರಸ ಸಿದ್ಧ. ಅಲಸಂಡೆಯನ್ನು ಅದರಲ್ಲೇ ಹಗುರಾಗಿ ಕುಟ್ಟಿ. ಹಸಿ ಅಲಸಂಡೆ ಒಗ್ಗದವರು ಎರಡು ನಿಮಿಷ ಬೇಯಿಸಿಕೊಳ್ಳಲಿ.

ನೀರು ನಿಲ್ಲುವ ದೂರಿಗೆ ಕಾರಣ ಉಪ್ಪು ಬೀಳುವ ಹೊತ್ತು. ಹೆಚ್ಚಿದ ತರಕಾರಿಗೆ ಉಪ್ಪು ತಾಗಿದೊಡನೆ ಅದರ ಜೀವಕೋಶಗಳೊಳಗಿನ ನೀರು ಹೊರಗೆ ಬರತೊಡಗುತ್ತದೆ. ಉಡುಪಿಯ ಊಟದೆಲೆಗೆ ಕೋಸಂಬರಿ ಮಾಡುವ ಅಡುಗೆಯವರು ಬಡಿಸುವ ಹೊತ್ತಿಗಷ್ಟೇ ಉಪ್ಪು ಬೆರೆಸುವುದು ಇದೇ ಕಾರಣಕ್ಕೆ. ಉಪ್ಪಿನ ಸೋಯಾ ಸಾಸಿಗೂ ಅದೇ ಕ್ರಮ ಅನ್ವಯಿಸುತ್ತದೆ: ಎಲ್ಲರೂ ಊಟಕ್ಕೆ ಕುಳಿತ ಮೇಲೆಯೇ ರಸ ಬೆರೆಸಬೇಕು.

ಹಸಿವಿನ ದೂರಿಗೆ ಕಾರಣ ಬೇರೆ. ಬರಿಯ ತರಕಾರಿ ಊಟವಾಗುವುದಿಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಹುರಿದ ನೆಲಗಡಲೆಯಿಂದ ಸುಮಾರು 7 ಗ್ರಾಂ ಪ್ರೋಟೀನ್ ಸಿಗುತ್ತದೆ. ಅದರೊಂದಿಗೆ ಪನೀರ್ ಇಲ್ಲವೆ ಮೊಳಕೆ ಬರಿಸಿದ ಹೆಸರುಕಾಳನ್ನೂ ಸೇರಿಸಿ. ನಮ್ಮ ಮಳೆಗಾಲದಲ್ಲಂತೂ ಮೊಳಕೆಯನ್ನು ಹಬೆಯಲ್ಲಿ ಬೇಯಿಸದೆ ತಿನ್ನಬಾರದು. ಮೆಣಸಿನ ಉರಿಯ ಅಂಶ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ, ಖಾರ ಹೆಚ್ಚಾಯಿತೆಂದು ನೀರು ಕುಡಿಯುವುದಕ್ಕಿಂತ ಇನ್ನೊಂದಿಷ್ಟು ನೆಲಗಡಲೆ ಅಗಿಯುವುದು ಮೇಲು. ರಾತ್ರಿ ಎದೆಯುರಿ ಬರುವವರು ಮಾತ್ರ ಸೂಜಿಮೆಣಸನ್ನು ಬಿಟ್ಟು ಶುಂಠಿ ಹಾಕಿಕೊಳ್ಳಲಿ, ಲಿಂಬೆಯನ್ನೂ ತಗ್ಗಿಸಲಿ, ಊಟವನ್ನು ಎಂಟು ಗಂಟೆಯೊಳಗೆ ಮುಗಿಸಲಿ.