ಹುಡುಗಿಯರಿಗೆ ಮೊದಲು ನೆಲಕ್ಕಿಳಿಯುವುದನ್ನು ಕಲಿಸಿ

ಆಗಸ್ಟ್ ಬಂತೆಂದರೆ ಶಿರಸಿಯ ನನ್ನ ಫಿಸಿಯೋಥೆರಪಿ ಕೋಣೆಗೆ ಹೈಸ್ಕೂಲು ಹುಡುಗಿಯರು ಜಾಸ್ತಿ ಬರುತ್ತಾರೆ. ಯೂನಿಫಾರ್ಮಿನಲ್ಲೇ ಬಂದಿರುತ್ತಾರೆ. ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್, ಒಂದು ಕೈ ಅಮ್ಮನ ಹೆಗಲ ಮೇಲೆ. ಥ್ರೋಬಾಲ್ ಹಿಡಿಯಲು ಹಾರಿದೆ, ಇಳಿಯುವಾಗ ಕಾಲು ತಿರುಚಿತು ಅನ್ನುತ್ತಾರೆ. ಇಲ್ಲವೇ ಖೋ-ಖೋದಲ್ಲಿ ಕಂಬ ಸುತ್ತುವಾಗ ಜಾರಿತು ಅನ್ನುತ್ತಾರೆ. ಹೆಚ್ಚಿನವರನ್ನು ಯಾರೂ ದೂಡಿರುವುದಿಲ್ಲ, ಯಾರಿಗೂ ಡಿಕ್ಕಿ ಹೊಡೆದಿರುವುದಿಲ್ಲ.

ಆಗಸ್ಟೇ ಯಾಕೆ? ಜೂನ್ ಹೊತ್ತಿಗೆ ನಮ್ಮಲ್ಲಿ ಶಾಲೆ, ಮಳೆ ಎರಡೂ ಒಟ್ಟಿಗೇ ಶುರುವಾಗುತ್ತವೆ. ಕಾರವಾರದಿಂದ ಸಿದ್ದಾಪುರದವರೆಗೆ ಮೈದಾನದಲ್ಲಿ ನೀರು ನಿಂತಿರುತ್ತದೆ. ಪಿಟಿ ಪಿರಿಯಡ್ಡು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಎರಡು ತಿಂಗಳು ಮಕ್ಕಳು ಓಡುವುದಿಲ್ಲ, ಹಾರುವುದಿಲ್ಲ. ಮಳೆ ಸ್ವಲ್ಪ ಹೊಳವಾಯಿತೋ ಇಲ್ಲವೋ, ವಲಯ ಮಟ್ಟದ ಕ್ರೀಡಾಕೂಟ ಬಂದೇ ಬಿಡುತ್ತದೆ. ಗಡಿಬಿಡಿಯಲ್ಲಿ ಟೀಮು ಆರಿಸುತ್ತಾರೆ. ಕೆಂಪು ಮಣ್ಣಿನ ಮೇಲಿನ ಪಾಚಿ ಇನ್ನೂ ಒಣಗಿರುವುದಿಲ್ಲ, ಹುಡುಗಿಯರು ಅದರ ಮೇಲೆಯೇ ಪೂರ್ತಿ ಜೋರಿನಲ್ಲಿ ಆಡಬೇಕು.

ಮೊಣಕಾಲಿನ ಒಳಗೆ ತೊಡೆಯ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಒಂದು ಗಟ್ಟಿ ಲಿಗಮೆಂಟ್ ಇದೆ, ಎಸಿಎಲ್ ಅಂತ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಇದು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಕನಿಷ್ಠ ಎರಡು ಪಟ್ಟು ಜಾಸ್ತಿ. ದೊಡ್ಡವರಾಗುವ ವಯಸ್ಸಿನಲ್ಲಿ ಹುಡುಗಿಯರ ಎತ್ತರ, ತೂಕ ಬೇಗ ಏರುತ್ತವೆ. ತೊಡೆ, ಸೊಂಟದ ಸ್ನಾಯುಗಳಿಗೆ ಅಷ್ಟೇ ಬಲ ತಾನಾಗಿ ಬರುವುದಿಲ್ಲ, ವ್ಯಾಯಾಮ ಬೇಕು. ಅದಿಲ್ಲದಿದ್ದರೆ ಹಾರಿ ಇಳಿಯುವಾಗ ಕಾಲು ನೆಟ್ಟಗೇ ಇರುತ್ತದೆ, ಮೊಣಕಾಲು ಒಳಕ್ಕೆ ವಾಲುತ್ತದೆ. ಲಿಗಮೆಂಟ್ ಹರಿಯುವುದು ಆ ಕ್ಷಣದಲ್ಲೇ. ಇದನ್ನು ನೋಡಿ ಹೆಣ್ಮಕ್ಕಳ ಮೈಯೇ ಅಷ್ಟು ಅಂದುಬಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಇದು ಅಭ್ಯಾಸದ ವಿಷಯ. ಅಭ್ಯಾಸವನ್ನು ತಿದ್ದಬಹುದು.

ನಿಮ್ಮ ಶಾಲೆಯಲ್ಲೇ ಪರೀಕ್ಷಿಸಿ ನೋಡಿ. ಸುಮಾರು ಒಂದು ಅಡಿ ಎತ್ತರದ ಗಟ್ಟಿ ಮೆಟ್ಟಿಲಿನಿಂದ ಹುಡುಗಿ ಎರಡೂ ಕಾಲಲ್ಲಿ ಕೆಳಗೆ ಹಾರಲಿ. ಎದುರಿಗೆ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ. ಪಾದ ನೆಲ ಮುಟ್ಟಿದ ಕೂಡಲೇ ಮಂಡಿಗಳು ಒಂದಕ್ಕೊಂದು ಹತ್ತಿರ ಬಂದವಾ? ಧಡ್ ಅಂತ ಸದ್ದಾಯಿತಾ? ಹಾಗಿದ್ದರೆ ಆ ಹುಡುಗಿಗೆ ಮೊದಲು ಇಳಿಯುವುದನ್ನು ಕಲಿಸಬೇಕು. ವಿಡಿಯೋವನ್ನು ಅವಳಿಗೇ ತೋರಿಸಿ. ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಕಣ್ಣಾರೆ ಕಂಡರೆ ಬೇಗ ತಿಳಿಯುತ್ತದೆ.

ಕಲಿಸುವುದು ಕಷ್ಟವೇನಲ್ಲ. ಸದ್ದಾಗದಂತೆ ಇಳಿ, ಸೊಂಟ ಹಿಂದೆ ಹೋಗಲಿ, ಮಂಡಿ ಬಗ್ಗಲಿ, ಮಂಡಿಯೂ ಪಾದದ ಬೆರಳೂ ಒಂದೇ ದಿಕ್ಕು ನೋಡಲಿ. ಇಷ್ಟೇ ಸೂಚನೆ. ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು, ಪಕ್ಕಕ್ಕೆ ಜಿಗಿದು ಅಲ್ಲಾಡದೆ ನಿಲ್ಲುವುದು, ಓಡುತ್ತ ಬಂದವಳು ಒಂದೇ ಹೆಜ್ಜೆಗೆ ಬ್ರೇಕ್ ಹಾಕದೆ ಮೂರು ಸಣ್ಣ ಹೆಜ್ಜೆಯಲ್ಲಿ ನಿಲ್ಲುವುದು. ಯಕ್ಷಗಾನದ ಹೆಜ್ಜೆ ಕಲಿತ ಹುಡುಗಿಯರಿಗೆ ಇದು ಬೇಗ ಹತ್ತುತ್ತದೆ. ಮಂಡಿ ಬಗ್ಗಿಸಿ ನಿಲ್ಲುವುದು ಅವರಿಗೆ ಮೊದಲೇ ರೂಢಿ. ವಾರಕ್ಕೆ ಎರಡು ಮೂರು ಸಲ, ಹದಿನೈದು ಇಪ್ಪತ್ತು ನಿಮಿಷ ಸಾಕು. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರಿಗೆ ಇಂಥದ್ದೇ ವಾರ್ಮ್‌ಅಪ್ ಮಾಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಟ್ಟು ಗಾಯಗಳು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿದ್ದವು.

ಇದಕ್ಕೆ ಮೈದಾನವೇ ಬೇಕಿಲ್ಲ ಅನ್ನುವುದು ನಮ್ಮ ಜಿಲ್ಲೆಗೆ ದೊಡ್ಡ ಅನುಕೂಲ. ಹೊರಗೆ ಎಷ್ಟೇ ಮಳೆ ಹೊಯ್ಯಲಿ, ಶಾಲೆಯ ವರಾಂಡದಲ್ಲೇ ಮಾಡಿಸಬಹುದು. ನೆಲ ಒಣಗಿರಬೇಕು ಅಷ್ಟೇ. ಗೋಣಿಚೀಲ ಹಾಸಬೇಡಿ, ಅದು ಜಾರುತ್ತದೆ. ಜೂನ್, ಜುಲೈನ ಪಿಟಿ ಪಿರಿಯಡ್ಡನ್ನು ದಯವಿಟ್ಟು ಬೇರೆ ಪಾಠಕ್ಕೆ ಬಿಟ್ಟುಕೊಡಬೇಡಿ ಅಂತ ಮುಖ್ಯಶಿಕ್ಷಕರಲ್ಲಿ ನಾನು ಕೇಳಿಕೊಳ್ಳುವುದು ಇದಕ್ಕೇ.

ಬೇಗ ಸುಸ್ತಾಗುವ ಹುಡುಗಿಯ ರಕ್ತವನ್ನೂ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ದಣಿದ ಕಾಲು ಸರಿಯಾಗಿ ಇಳಿಯುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಎಸೆಯದೆ ನುಂಗಲಿ, ಅದರ ಜೊತೆಗೇ ಚಾ ಕುಡಿಯುವುದು ಬೇಡ. ಇನ್ನು ಮುಟ್ಟಿನ ದಿನ. ಹೊಟ್ಟೆನೋವು ಜೋರಿಲ್ಲದಿದ್ದರೆ, ಅವಳಿಗೆ ಮನಸ್ಸಿದ್ದರೆ ಆಡಲಿ. ಶೌಚಾಲಯದಲ್ಲಿ ನೀರು ಇರುವಂತೆ ನೋಡಿಕೊಳ್ಳುವುದು ಶಾಲೆಯ ಕೆಲಸ.

ಪೆಟ್ಟಾದ ಮೇಲಿನ ಮಾತು ಇದಕ್ಕಿಂತ ಮುಖ್ಯ. ಬೀಳುವಾಗ ಒಳಗೆ ಪಟ್ ಅಂದಂತಾಗಿ, ಕೆಲವೇ ಗಂಟೆಯಲ್ಲಿ ಮೊಣಕಾಲು ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿರುವ ಸಾಧ್ಯತೆ ಜಾಸ್ತಿ. ಅಂಥ ಕಾಲಿಗೆ ಎಣ್ಣೆ ಹಾಕಿ ತಿಕ್ಕಿಸಬೇಡಿ, ಎಳೆಸಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಭಾರ ಹಾಕದಂತೆ ನೋಡಿಕೊಂಡು ಮೂಳೆ ಡಾಕ್ಟರಿಗೆ ತೋರಿಸಿ. ಕೆಲವು ವಾರಗಳಲ್ಲಿ ಊತ ಇಳಿದು ನಡೆಯಲು ಬರುತ್ತದೆ. ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ, ಹುಡುಗಿ ಮತ್ತೆ ಆಟಕ್ಕಿಳಿಯುತ್ತಾಳೆ. ಲಿಗಮೆಂಟ್ ಇಲ್ಲದ ಮೊಣಕಾಲು ತಿರುಗುವಾಗ ಕೈಕೊಡುತ್ತದೆ. ಈ ಸಲ ಒಳಗಿನ ಮೆತ್ತೆಯೂ ಹರಿಯಬಹುದು. ನನ್ನ ಬಳಿ ತಡವಾಗಿ ಬರುವವರಲ್ಲಿ ಇಂಥವರೇ ಜಾಸ್ತಿ.

"ಡಾಕ್ಟ್ರೇ, ಇನ್ನು ಆಟ ಬಿಡಿಸಿಬಿಡ್ಲಾ?" ಅಂತ ಅಮ್ಮಂದಿರು ಕೇಳುತ್ತಾರೆ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಅಲೆದು ಹಣ್ಣಾದವರ ಪ್ರಶ್ನೆ ಅದು, ನನಗೆ ಅರ್ಥವಾಗುತ್ತದೆ. ಆದರೂ ಬಿಡಿಸಬೇಡಿ ಅನ್ನುತ್ತೇನೆ. ಆಪರೇಷನ್ ಆಗಿದ್ದರೆ ಕನಿಷ್ಠ ಒಂಬತ್ತು ತಿಂಗಳು ಕಾಯಬೇಕು, ವ್ಯಾಯಾಮ ತಪ್ಪಿಸಬಾರದು. ಒಂಟಿ ಕಾಲಲ್ಲಿ ಮುಂದಕ್ಕೆ ಜಿಗಿದಾಗ ಪೆಟ್ಟಾದ ಕಾಲು ಇನ್ನೊಂದರ ಶೇ 90ರಷ್ಟಾದರೂ ದೂರ ಹೋಗಬೇಕು, ಮಂಡಿ ಒಳಕ್ಕೆ ವಾಲಬಾರದು. ಇಷ್ಟಾದ ಮೇಲೆ ಡಾಕ್ಟರ ಒಪ್ಪಿಗೆ ಪಡೆದು, ಮೊದಲು ಪ್ರಾಕ್ಟೀಸಿಗೆ, ಆಮೇಲೆ ಮ್ಯಾಚಿಗೆ ಕಳಿಸಿ.