ಮೊದಲು ಕೀಲಿಮಣೆ, ಆಮೇಲೆ ವಾಲ್‌ಪೇಪರ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ (ಭದ್ರತೆಯ ಅಪ್‌ಡೇಟ್ ಇತ್ಯಾದಿ) 2025ರ ಅಕ್ಟೋಬರ್ 14ರಂದು ಮುಗಿಯಿತು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇರುವ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾಗಿ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ರಿಪೇರಿಗೆ ಬರುವ ಲ್ಯಾಪ್‌ಟಾಪ್‌ಗಳ ಜೊತೆ "ಇದನ್ನು ಇನ್ನು ಗುಜರಿಗೆ ಹಾಕುವುದೇ?" ಎಂಬ ಪ್ರಶ್ನೆಯೂ ಬರುತ್ತದೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕೋಣ ಎಂದರೆ ಲ್ಯಾಪ್‌ಟಾಪ್ ತಂದ ಅಪ್ಪನಿಗೆ ಗಾಬರಿ. ಜೊತೆಯಲ್ಲಿರುವ ಮಗಳಿಗೆ ಅದರಲ್ಲಿ ಹೊಸತೇನೂ ಕಾಣುವುದಿಲ್ಲ, ಏಕೆಂದರೆ ಅವಳ ಶಾಲೆಯ ಲ್ಯಾಬಿನಲ್ಲಿರುವುದೇ ಅದು. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ, 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪೆನಿಯಾದ ಯೋಜನೆ, ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನ ಮೇಲೆ ಕಟ್ಟಿದ ವ್ಯವಸ್ಥೆಯನ್ನೇ ಶಾಲೆಗಳಿಗೆ ಕೊಡುತ್ತಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ದೊಡ್ಡವರಿಗೆ ಏನಾದರೂ ತೊಡಕಾದರೆ ಹೇಳಿಕೊಡಲು ಮನೆಯಲ್ಲೇ ಜನವಿದೆ.

ಮೆನು, ಕೆಳಗಿನ ಪಟ್ಟಿ, ಕಿಟಕಿಗಳು, ಫೋಲ್ಡರ್‌ಗಳು ಎಂದು ಪರದೆಯ ಮೇಲೆ ಕಾಣುವುದನ್ನೆಲ್ಲ ಒದಗಿಸುವ ಭಾಗಕ್ಕೆ ಡೆಸ್ಕ್‌ಟಾಪ್ ಪರಿಸರ ಎನ್ನುತ್ತಾರೆ. ಲಿನಕ್ಸಿನಲ್ಲಿ ಇದನ್ನು ನಾವೇ ಆರಿಸಿಕೊಳ್ಳಬಹುದು. ಕಲಾವಿದ ಒಬ್ಬನೇ, ವೇಷ ಹಲವು. ಗ್ನೋಮ್, ಕೆಡಿಇ ಪ್ಲಾಸ್ಮಾ, ಸಿನ್ನಮನ್, ಎಕ್ಸ್‌ಎಫ್‌ಸಿಇ ಮುಖ್ಯವಾದವು. ಕೆಡಿಇ ಯೋಜನೆಯನ್ನು ಮಥಿಯಾಸ್ ಎಟ್ರಿಚ್ ಘೋಷಿಸಿದ್ದು 1996ರ ಅಕ್ಟೋಬರ್ 14ರಂದು. ವಿಂಡೋಸ್ 10 ನಿವೃತ್ತಿಗೆ ಅದೇ ತಾರೀಕು ಸಿಕ್ಕಿದ್ದು ಕಾಕತಾಳೀಯ, ಆದರೂ ನನಗೆ ನಗು ಬಂತು. ಒಲಿವಿಯೆ ಫೂರ್ದಾನ್ ಎಕ್ಸ್‌ಎಫ್‌ಸಿಇ ಆರಂಭಿಸಿದ್ದೂ ಅದೇ ವರ್ಷ.

ಯಾವುದು ಒಳ್ಳೆಯದು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕುತ್ತೇನೆ. ಎಂಟು ಅಥವಾ ಹೆಚ್ಚು ಇದ್ದರೆ ಪ್ಲಾಸ್ಮಾ ಕೂಡ ಆರಾಮವಾಗಿ ಓಡುತ್ತದೆ. ಹಗುರ ಡೆಸ್ಕ್‌ಟಾಪ್ ಹಾಕಿದ ಮಾತ್ರಕ್ಕೆ ಮುದಿ ಯಂತ್ರ ಹಾರಾಡುತ್ತದೆ ಎಂದು ಮಾತ್ರ ನಂಬಬೇಡಿ. ಹೆಚ್ಚು ರ‍್ಯಾಮ್ ನುಂಗುವುದು ಬ್ರೌಸರ್. ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಯಾವ ಎಕ್ಸ್‌ಎಫ್‌ಸಿಇಯೂ ಉಳಿಸಲಾರದು. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸವೇ ಬೇರೆ. ಒಂದೇ ಯಂತ್ರಕ್ಕೆ ಎರಡು ಮೂರು ಡೆಸ್ಕ್‌ಟಾಪ್ ತುಂಬಿ ನೋಡುವ ಚಪಲವೂ ಬೇಡ. ಮೆನುವಿನಲ್ಲಿ ಒಂದೇ ಕೆಲಸಕ್ಕೆ ಮೂರು ಮೂರು ತಂತ್ರಾಂಶಗಳು ಸಾಲುಗಟ್ಟುತ್ತವೆ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಡಿಸ್ಕನ್ನು ಅದು ಮುಟ್ಟುವುದಿಲ್ಲ. ವೈಫೈ, ಧ್ವನಿ, ಪ್ರಿಂಟರ್ ಈ ಮೂರು ಕೆಲಸ ಮಾಡಿದರೆ ಮುಂದುವರಿಯಿರಿ.

ಇನ್‌ಸ್ಟಾಲ್ ಆದ ಕೂಡಲೇ ಎಲ್ಲರೂ ವಾಲ್‌ಪೇಪರ್ ಬದಲಾಯಿಸಲು ಹೊರಡುತ್ತಾರೆ. ನಮ್ಮ ಊರಿನಲ್ಲಿ ಮೊದಲು ಆಗಬೇಕಾದದ್ದು ಕೀಲಿಮಣೆಯ ಕೆಲಸ. ಪಂಚಾಯತಿಗೆ ಕೊಡುವ ಅರ್ಜಿ ಕನ್ನಡದಲ್ಲಿರಬಹುದು, ಅಲ್ಲಿಂದ ಬರುವ ಉತ್ತರ ಮಲಯಾಳದಲ್ಲಿರಬಹುದು, ಇಮೇಲ್ ಇಂಗ್ಲಿಷಿನಲ್ಲಿ. ಕನ್ನಡ ಬರೆಯಲು ಆಗುವುದಿಲ್ಲ ಎಂದು ಕಂಡ ದಿನವೇ ಜನ ವಿಂಡೋಸ್‌ಗೆ ಮರಳುತ್ತಾರೆ. ಬಣ್ಣ, ಐಕಾನ್ ಹಿಡಿಸಲಿಲ್ಲವೆಂದು ಮರಳಿದವರನ್ನು ನಾನು ನೋಡಿಲ್ಲ.

ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು ಲೇಔಟ್ ಟ್ಯಾಬಿಗೆ ಹೋಗಿ. ಮೇಲೆ, ವ್ಯವಸ್ಥೆಯ ಪೂರ್ವನಿಗದಿಯನ್ನೇ ಬಳಸು ಎಂಬಲ್ಲಿರುವ ಗುರುತನ್ನು ತೆಗೆಯಿರಿ. ಅದನ್ನು ತೆಗೆಯದಿದ್ದರೆ ಕೆಳಗಿನ ಯಾವ ಗುಂಡಿಯೂ ಒತ್ತಲು ಬರುವುದಿಲ್ಲ, ಅರ್ಧ ಜನ ಸಿಕ್ಕಿಬೀಳುವುದು ಇಲ್ಲಿಯೇ. ನಂತರ ಭಾರತೀಯ ಪಟ್ಟಿಯಿಂದ ಕನ್ನಡ ಕಗಪ ಮತ್ತು ಮಲಯಾಳ ಸೇರಿಸಿ, ಲೇಔಟ್ ಬದಲಾಯಿಸಲು ಒಂದು ಕೀಲಿಜೋಡಿ ಆರಿಸಿ. ಈಗ ಯಾವ ಭಾಷೆಯಲ್ಲಿದ್ದೀರಿ ಎಂದು ತೋರಿಸುವ ಸೂಚಕವನ್ನು ಪ್ಯಾನೆಲ್‌ಗೆ, ಎಂದರೆ ಕೆಳಗಿನ ಪಟ್ಟಿಗೆ, ಸೇರಿಸಲು ಮರೆಯಬೇಡಿ. ಇದರ ಮಿತಿ ನಾಲ್ಕು ಲೇಔಟ್. ಸಪ್ತಭಾಷಾ ಸಂಗಮಭೂಮಿ ಎಂದು ಬೀಗುವ ನಮಗೆ ಅದು ಸಾಲದು ಅನ್ನಿಸಬಹುದು, ಆದರೆ ತುಳು, ಬ್ಯಾರಿಯನ್ನೆಲ್ಲ ಕನ್ನಡ ಅಥವಾ ಮಲಯಾಳದ ಲಿಪಿಯಲ್ಲೇ ಬರೆಯುವುದು ವಾಡಿಕೆಯಾದ್ದರಿಂದ ಸಾಕಾಗುತ್ತದೆ.

ಕಗಪ ಎಂದರೆ ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ವಿನ್ಯಾಸದ ದಾರಿಯಲ್ಲೇ ಬಂದದ್ದು. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಪರಿಚಿತ. ಕೆ, ಎಫ್, ಕೆ ಒತ್ತಿದರೆ ಇಲ್ಲಿಯೂ "ಕ್ಕ" ಬರುತ್ತದೆ. ಸ್ವರಗಳಲ್ಲಿ ಮಾತ್ರ ವ್ಯತ್ಯಾಸವಿದೆ. ಅದು ಕಿರಿಕಿರಿಯಾದರೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಅದರ ಎಂ17ಎನ್ ಪಟ್ಟಿಯಲ್ಲಿರುವ ಕೆಜಿಪಿ ಆರಿಸಿ, ಅದು ಸ್ವರವನ್ನೂ ಗುಣಿತವನ್ನೂ ತಾನೇ ತಿಳಿದುಕೊಳ್ಳುತ್ತದೆ. ಅಕ್ಷರಗಳ ಅಂದಕ್ಕೆ ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು ಫಾಂಟ್‌ಗಳಿವೆ, ಎರಡೂ ಉಚಿತ.

ನಿವೃತ್ತ ಮಾಸ್ತರರೊಬ್ಬರ ಬಳಿ ತಾಳಮದ್ದಳೆಗಾಗಿ ಟೈಪ್ ಮಾಡಿಟ್ಟ ಪ್ರಸಂಗಗಳ ದೊಡ್ಡ ಫೋಲ್ಡರ್ ಇತ್ತು. ಲಿಬ್ರೆಆಫೀಸಿನಲ್ಲಿ ತೆರೆದರೆ "ಕನ್ನಡ" ಎಂಬ ಪದದ ಜಾಗದಲ್ಲಿ ಪೌಂಡಿನ ಚಿಹ್ನೆ ಮತ್ತು ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು. ಲಿನಕ್ಸ್ ನನ್ನ ಪ್ರಸಂಗಗಳನ್ನೆಲ್ಲ ಹಾಳುಮಾಡಿತು ಎಂದು ಅವರು ಕಂಗಾಲಾದರು. ಹಾಳಾದದ್ದೇನೂ ಇಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳು ಯುನಿಕೋಡ್ ಅಲ್ಲ, ಎಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆಯಲ್ಲಿ ಬರೆದವಲ್ಲ. ಅವುಗಳ ಒಳಗೆ ನಿಜಕ್ಕೂ ಇರುವುದು ಆ ಇಂಗ್ಲಿಷ್ ಸಂಕೇತಗಳೇ, ಅವುಗಳಿಗೆ ಕನ್ನಡದ ಆಕಾರ ಕೊಡುತ್ತಿದ್ದದ್ದು ಆ ಯಂತ್ರದಲ್ಲಿದ್ದ ಫಾಂಟ್. ಇಂಥ ಕಡತಗಳಿದ್ದವರು ವಿಂಡೋಸ್ ಇರುವಾಗಲೇ ಪರಿವರ್ತಕ ಬಳಸಿ ಯುನಿಕೋಡ್‌ಗೆ ತಿರುಗಿಸಿ ಓದಿ ನೋಡಿ. ಅರ್ಕಾವೊತ್ತು ಇರುವ ಕಡೆ ತಪ್ಪು ಉಳಿಯುವುದುಂಟು. ಮೂಲ ಕಡತಗಳನ್ನೂ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ಫೋನಿನಲ್ಲಿ ನಾನು ಹೆಚ್ಚಾಗಿ ಕೇಳುವ ದೂರು ಕೆಳಗಿನ ಪಟ್ಟಿ ಮಾಯವಾದದ್ದು. ಎಕ್ಸ್‌ಎಫ್‌ಸಿಇಯಲ್ಲಿ ಪ್ಯಾನೆಲನ್ನು ಎಳೆದೊಯ್ಯಬಹುದು, ಅಳಿಸಲೂಬಹುದು, ಮಕ್ಕಳು ಎರಡನ್ನೂ ಮಾಡುತ್ತಾರೆ. ಅದು ನಿಂತುಹೋಗಿದ್ದರೆ ಆಲ್ಟ್ ಮತ್ತು ಎಫ್2 ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಪ್ಯಾನೆಲಿನ ಆದೇಶ (xfce4-panel) ಕೊಟ್ಟರೆ ಮರಳುತ್ತದೆ. ಅಳಿಸಿಯೇ ಹೋಗಿದ್ದರೆ ಮೊದಲೇ ಉಳಿಸಿಟ್ಟ ಪ್ರತಿ ಬೇಕು. ಪ್ಯಾನೆಲ್ ಸೆಟ್ಟಿಂಗ್ಸ್‌ನಲ್ಲೇ ಅದಕ್ಕೆ ಅವಕಾಶವಿದೆ. ಎಲ್ಲ ಹೊಂದಿಸಿದ ದಿನವೇ ಒಂದು ಪ್ರತಿ ಉಳಿಸಿ, ಪ್ಯಾನೆಲಿಗೆ ಲಾಕ್ ಹಾಕಿ.

ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವ ಅಂಗಡಿಯವರಿಗೆ ನಾನು ಇದನ್ನೆಲ್ಲ ಹೇಳುವುದಿಲ್ಲ, ಅದು ವಿಂಡೋಸ್‌ಗಾಗಿಯೇ ಮಾಡಿದ ತಂತ್ರಾಂಶ. ಹೊಸ ಯಂತ್ರ ಕೊಳ್ಳಲು ಈಗ ಆಗದು ಎನ್ನುವವರಿಗೆ ಡಿಸ್ಕನ್ನು ಎರಡು ಪಾಲು ಮಾಡಿ ಎರಡನ್ನೂ ಉಳಿಸಿಕೊಡುತ್ತೇನೆ. ವಿಂಡೋಸ್ ಪಾಲಿನಲ್ಲಿ ಲೆಕ್ಕ ಮಾತ್ರ, ಇಂಟರ್‌ನೆಟ್ ಬಂದ್. ಬ್ಯಾಂಕಿನ ಕೆಲಸವೆಲ್ಲ ಲಿನಕ್ಸಿನ ಪಾಲಿನಲ್ಲಿ.