ಕತ್ತು ‘ಲಟ್’ ಎನ್ನದಿದ್ದರೆ ಚಿಕಿತ್ಸೆ ಆಗಲಿಲ್ಲವೇ?

ಪ್ರಶ್ನೆ: ಕತ್ತು ನೋವಿಗೆ ಆಸ್ಟಿಯೋಪತಿ (ಕೀಲು, ಸ್ನಾಯುಗಳನ್ನು ಕೈಯಿಂದಲೇ ಒತ್ತಿ, ಎಳೆದು ಮಾಡುವ) ಚಿಕಿತ್ಸೆ ಮಾಡಿಸಿಕೊಂಡೆ. ಸಪ್ಪಳವೇ ಬರಲಿಲ್ಲ. ಮೂಳೆ ಇನ್ನೂ ಜಾಗಕ್ಕೆ ಕೂತಿಲ್ಲವೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಕತ್ತೆತ್ತಿ ಮಾಡುವ ಕಾಳುಮೆಣಸಿನ ಕೊಯ್ಲು ಶುರುವಾದರೆ ಸಾಕು, ಈ ಪ್ರಶ್ನೆ ದಿನಕ್ಕೆರಡು ಸಲ ಬರುತ್ತದೆ. ನಿಮ್ಮ ಮೂಳೆ ಜಾಗ ಬಿಟ್ಟು ಹೋಗಿರಲೇ ಇಲ್ಲ. ಮತ್ತೆ ಕೂರುವ ಮಾತು ಎಲ್ಲಿಂದ ಬಂತು?

ಕತ್ತಿನಲ್ಲಿ 7 ಕಶೇರುಕಗಳು, ಎಂದರೆ ಒಂದರ ಮೇಲೊಂದು ಕೂತ ಬೆನ್ನೆಲುಬಿನ ಮೂಳೆಗಳು ಇವೆ. ಅವುಗಳ ಹಿಂಬದಿಯಲ್ಲಿ ಎಡಕ್ಕೂ ಬಲಕ್ಕೂ ಸಣ್ಣ ಕೀಲುಗಳು. ಕೀಲಿನ ಚೀಲದೊಳಗೆ ಜಾರುವ ದ್ರವ, ಅದರಲ್ಲಿ ಕರಗಿದ ಅನಿಲ. ಕೀಲನ್ನು ಥಟ್ಟನೆ ಎಳೆದಾಗ ಒಳಗಿನ ಒತ್ತಡ ಕುಸಿದು ಗುಳ್ಳೆ ಮೂಡುತ್ತದೆ. ‘ಲಟ್’ ಎನ್ನುವುದು ಅದೇ. ಬೆರಳಿನ ಲಟಿಕೆಯೂ ಅದೇ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳನ್ನು ಎಳೆದು, ಲಟಿಕೆ ಬಿದ್ದ ಕ್ಷಣದಲ್ಲೇ ಗುಳ್ಳೆ ಮೂಡುವುದನ್ನು ಚಿತ್ರ ಸಮೇತ ತೋರಿಸಿದರು. ಒಮ್ಮೆ ಲಟಿಕೆ ತೆಗೆದ ಬೆರಳು ಸುಮಾರು 20 ನಿಮಿಷ ಮತ್ತೆ ಸಪ್ಪಳ ಮಾಡುವುದಿಲ್ಲ, ನೀವೇ ಪರೀಕ್ಷಿಸಿ. ಸಪ್ಪಳವೆಂದರೆ ಮೂಳೆ ಕೂರುವುದು ಎಂದಾದರೆ, ದಿನವಿಡೀ ಲಟಿಕೆ ಮುರಿಯುವ ಹುಡುಗನ ಬೆರಳು ದಿನಕ್ಕೆ ಹತ್ತು ಸಲ ಕಳಚಿ ಹತ್ತು ಸಲ ಕೂರಬೇಕಾಗುತ್ತದೆ. ಕತ್ತಿನ ಮೂಳೆ ನಿಜಕ್ಕೂ ಸರಿದರೆ ಅದು ಕತ್ತನ್ನು ಅಲುಗಾಡದಂತೆ ಹಿಡಿದು ಆಸ್ಪತ್ರೆಗೆ ಸಾಗಿಸಬೇಕಾದ ಪೆಟ್ಟು.

ಈ ನಂಬಿಕೆಗೆ ಹಳೆಯ ಬೇರಿದೆ. 1874ರಲ್ಲಿ ಆಸ್ಟಿಯೋಪತಿಯನ್ನು ಹುಟ್ಟುಹಾಕಿದ ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ ಅವರೇ ಮೂಳೆ ಸರಿದಿರುತ್ತದೆ ಎಂದು ನಂಬಿದ್ದರು. ಎಕ್ಸ್‌ರೇ ಬಂದದ್ದು 1895ರಲ್ಲಿ. ಅವರ ತಪ್ಪನ್ನು ಕ್ಷಮಿಸಬಹುದು, ಇಂದು ಅದನ್ನೇ ಹೇಳಿ ಹಣ ಪಡೆಯುವವರನ್ನು ಕ್ಷಮಿಸಲಾರೆ.

ಸಪ್ಪಳವಿಲ್ಲದ ಕೆಲಸ ಹೇಗಿರುತ್ತದೆ? ಮೂಡಿಗೆರೆ ಕಡೆಯ ತೋಟದಲ್ಲಿ ಏಣಿಯ ಮೇಲೆ ನಿಂತು ಮೆಣಸು ಕೊಯ್ಯುವ ಅಕ್ಕ ಒಬ್ಬರು ಬಂದಿದ್ದರು. ವಾರಗಟ್ಟಲೆ ಮೇಲೆ ನೋಡಿ ನೋಡಿ ಕತ್ತು ಬಲಕ್ಕೆ ತಿರುಗುತ್ತಿರಲಿಲ್ಲ. ನೋವಿಲ್ಲದೆ ಎಷ್ಟು ತಿರುಗುತ್ತದೋ ಅಷ್ಟಕ್ಕೆ ನಿಲ್ಲಿಸಿ, ಅವರ ಎಡಗೆನ್ನೆಗೆ ಅಂಗೈ ಇಟ್ಟೆ. “ಅಕ್ಕ, ನನ್ನ ಕೈಯನ್ನು ಮೆಲ್ಲಗೆ ಎಡಕ್ಕೆ ತಳ್ಳಿ, ನಾನು ಬಿಡುವುದಿಲ್ಲ” ಎಂದೆ. ಐದು ಸೆಕೆಂಡು ತಳ್ಳಿ ಸಡಿಲ ಬಿಟ್ಟರು. ಆ ಸಡಿಲಿಕೆಯಲ್ಲಿ ತಲೆ ತಾನಾಗಿ ಇನ್ನೊಂದಿಷ್ಟು ಬಲಕ್ಕೆ ಬಂತು. ನಾಲ್ಕನೆಯ ಸಲಕ್ಕೆ ಅವರ ಗಲ್ಲ ಭುಜದ ಹತ್ತಿರವಿತ್ತು. ಕೋಣೆಯಲ್ಲಿ ಒಂದು ಸಪ್ಪಳವಿಲ್ಲ. ಇದಕ್ಕೆ ಮಸಲ್ ಎನರ್ಜಿ ವಿಧಾನ ಎನ್ನುತ್ತಾರೆ, ಆಸ್ಟಿಯೋಪತಿಯದೇ ಕೊಡುಗೆ. ಇದೊಂದರಿಂದ ನೋವು ಶಾಶ್ವತವಾಗಿ ಹೋಗದು; ಮನೆಯಲ್ಲಿ ವ್ಯಾಯಾಮ ಬೇಕು, ಕೊಯ್ಲಿನ ನಡುವೆ ಬಿಡುವು ಬೇಕು.

ಕತ್ತನ್ನು ಥಟ್ಟನೆ ತಿರುಚುವ ವಿಧಾನವೂ ಆಸ್ಟಿಯೋಪತಿಯಲ್ಲಿದೆ. ನಾನು ಬಳಸುವುದಿಲ್ಲ. ಮೆದುಳಿಗೆ ರಕ್ತ ಒಯ್ಯುವ ಎರಡು ಅಪಧಮನಿಗಳು ಕತ್ತಿನ ಮೂಳೆಗಳ ತೂತುಗಳ ಮೂಲಕವೇ ಮೇಲೇರುತ್ತವೆ. ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗುವುದು ಅಪರೂಪ, ಆದರೆ ಆಗಿದೆ. ಕ್ಷೌರದ ಅಂಗಡಿಯಲ್ಲಿ ಕತ್ತು ಕೊಡುವವರು ಇದನ್ನು ಎರಡು ಸಲ ಓದಿಕೊಳ್ಳಿ. ಕೈಯಲ್ಲಿ ಬಲ ಕುಂದಿದ್ದರೆ, ನಡಿಗೆ ತಡವರಿಸುತ್ತಿದ್ದರೆ, ಜ್ವರವಿದ್ದರೆ, ಏಣಿಯಿಂದ ಬಿದ್ದಿದ್ದರೆ ಯಾರ ಕೈಗೂ ಕತ್ತು ಕೊಡದೆ ಮೊದಲು ವೈದ್ಯರಲ್ಲಿ ತೋರಿಸಿ.

ದಿಂಬಿನ ವಿಚಾರ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಕತ್ತು ನೋವು ಬಂದ ತಕ್ಷಣ ದಿಂಬು ಬಿಸಾಡುವವರೇ ನಮ್ಮಲ್ಲಿ ಹೆಚ್ಚು. ಮಗ್ಗುಲಾಗಿ ಮಲಗುವವರು ದಿಂಬು ತೆಗೆದರೆ ಭುಜದ ಅಗಲದಷ್ಟು ತಲೆ ಕೆಳಗೆ ಜೋತು, ರಾತ್ರಿಯೆಲ್ಲ ಕತ್ತು ಒಂದು ಕಡೆಗೆ ಬಾಗಿರುತ್ತದೆ. ಮಲಗಿದಾಗ ಮೂಗೂ ಎದೆಯ ನಡುಭಾಗವೂ ಒಂದೇ ಗೆರೆಯಲ್ಲಿದ್ದರೆ ನಿಮ್ಮ ದಿಂಬು ಸರಿಯಾದ ಎತ್ತರದ್ದು. ತೆಳುವಾಗಿದ್ದರೆ ಹೊಸದನ್ನು ಕೊಳ್ಳಬೇಕಿಲ್ಲ, ಕೆಳಗೆ ಒಂದು ಟವೆಲ್ ಮಡಿಚಿ ಇಡಿ.